ಮಂಗಳವಾರದ ಮಳೆ

ಚಂದ್ರಶೇಖರಪ್ಪ ಇಂಗ್ಲಿಷನ್ನು ಮಾತಾಡುವುದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದ. ಬರೆಯುವುದೆಂದರೆ ವಾಕ್ಯ ಕಟ್ಟುವುದಲ್ಲ, ಅಕ್ಷರ ಕೂರಿಸುವುದು. ಯಾರೋ ಕಟ್ಟಿಕೊಟ್ಟ ಮಾತನ್ನು ಎರಡು ಅಡಿ ಎತ್ತರದ ಬಿಳಿ ರಟ್ಟಿನ ಮೇಲೆ, ಇಪ್ಪತ್ತು ಅಡಿ ದೂರ ನಿಂತವನಿಗೂ ಕಾಣುವ ಹಾಗೆ, ಸಾಲು ಬಾಗದಂತೆ ಕುಂಚದಲ್ಲಿ ಬರೆಯುವುದು. ಮ್ಯಾನ್‌ಹ್ಯಾಟನ್ನಿನ ಒಂದು ಟೆಲಿವಿಷನ್ ಸ್ಟುಡಿಯೋದ ನೆಲಮಾಳಿಗೆಯಲ್ಲಿ ಕೂತು ಎರಡು ವರ್ಷದಿಂದ ಅವನು ಇದನ್ನೇ ಮಾಡುತ್ತಿದ್ದ.

ಆ ಸ್ಟುಡಿಯೋದಿಂದ ಪ್ರತಿ ಶುಕ್ರವಾರ ರಾತ್ರಿ ಹನ್ನೊಂದೂವರೆಗೆ 'ದಿ ಲೇಟ್ ಬೆಲ್' ಎಂಬ ನಗೆಯ ಕಾರ್ಯಕ್ರಮ ನೇರವಾಗಿ ಮನೆಮನೆಗೆ ಹೋಗುತ್ತಿತ್ತು. ಐದೈದು ನಿಮಿಷದ ಪುಟ್ಟ ಪ್ರಸಂಗಗಳು, ನಡುನಡುವೆ ಹಾಡು. ಖಾಯಂ ನಟರು ಏಳು ಜನ. ಅವರ ಮುಂದಾಳಾಗಿ ವಾರಕ್ಕೊಬ್ಬರು ಹೆಸರಾದವರು ಅತಿಥಿಯಾಗಿ ಬರುತ್ತಿದ್ದರು. ಬರೆಯುವವರು ಶುಕ್ರವಾರ ಸಂಜೆಯವರೆಗೂ ಮಾತುಗಳನ್ನು ತಿದ್ದುತ್ತಲೇ ಇರುವುದರಿಂದ ಯಾರೂ ಪೂರಾ ಬಾಯಿಪಾಠ ಮಾಡುವ ಹಾಗಿರಲಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ಒಬ್ಬ ಈ ರಟ್ಟುಗಳ ಕಟ್ಟನ್ನು ಎದೆಗೆ ಹಿಡಿದು ನಿಂತು, ಮಾತು ಮುಗಿದ ಹಾಗೆ ಎದುರಿಗಿರುವುದನ್ನು ಎಳೆದು ಕೆಳಗೆ ಹಾಸಿದ ಕಂಬಳಿಯ ಮೇಲೆ ಬೀಳಿಸುತ್ತ ಹೋಗಬೇಕು. ನಟರು ನೋಡುಗರತ್ತ ನೋಡಿದಂತೆ ಮಾಡಿ ಅದನ್ನು ಓದುತ್ತಾರೆ.

ಚಂದ್ರಶೇಖರಪ್ಪನ ಊರು ಮುಂಡರಗಿಯ ಆಚೆ, ಎರೆಹೊಲದ ನಡುವೆ. ಒಕ್ಕಲುತನದ ಮನೆ. ಎತ್ತಿನ ಗಾಡಿಗಳ ಹಿಂದೆ ಯಜಮಾನರ ಹೆಸರು ಬರೆಯುತ್ತಿದ್ದ ಹುಡುಗ, ಊರಿಗೆ ಕ್ಯಾಂಪು ಹಾಕಿದ ನಾಟಕ ಕಂಪನಿಯೊಂದಕ್ಕೆ ಬೋರ್ಡು ಬರೆಯಲು ಹೋಗಿ ಅದರ ಜೊತೆಗೇ ಹೊರಟುಬಿಟ್ಟಿದ್ದ. ಹಗಲು ಬೋರ್ಡು, ಪರದೆ. ರಾತ್ರಿ ಸೈಡ್‌ವಿಂಗಿನಲ್ಲಿ ಸ್ಟೂಲಿನ ಮೇಲೆ ಕೂತು, ಕಂದೀಲಿನ ಬೆಳಕಿನಲ್ಲಿ ನಾಟಕದ ಪ್ರತಿ ಹಿಡಿದು, ಮಾತು ತಪ್ಪಿದವರಿಗೆ ಪಿಸುಗುಟ್ಟಿ ಎತ್ತಿಕೊಡುವುದು. ಹನ್ನೊಂದು ವರ್ಷ ಹಾಗೆ ಕಳೆದಿದ್ದ. ಹೆಂಡತಿ ರಜನಿ ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದವಳು, ಎಪ್ಪತ್ತೊಂದರಲ್ಲಿ ನ್ಯೂವಾರ್ಕಿನ ಆಸ್ಪತ್ರೆಗೆ ಬಂದಳು. ಮೂರು ವರ್ಷದ ಮೇಲೆ ಅವನೂ ಬಂದ. ಪಕ್ಕದ ಹ್ಯಾರಿಸನ್ನಿನಲ್ಲಿ ರೈಲು ನಿಲ್ದಾಣದ ಹಿಂದೆ ಎರಡು ಕೋಣೆಯ ಮನೆ. ಕನ್ನಡಿಗರು ಸೇರಿದಲ್ಲೆಲ್ಲ ಅವನನ್ನು ಪರಿಚಯ ಮಾಡಿಕೊಡುವುದು "ನಮ್ಮ ರಜನಿ ಸಿಸ್ಟರ್ ಗಂಡ" ಎಂದು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಎಪ್ಪತ್ತೆಂಟರ ಅಕ್ಟೋಬರಿನ ಒಂದು ಸೋಮವಾರ, ರಟ್ಟು ಹಿಡಿಯುವವನು ಮೆಟ್ಟಿಲಲ್ಲಿ ಜಾರಿ ಮುಂಗೈ ಮುರಿದುಕೊಂಡ. ಆ ವಿಭಾಗ ನೋಡಿಕೊಳ್ಳುತ್ತಿದ್ದ ವಾಲ್ಟರ್ ಕೆಸ್ಲರ್ ನೆಲಮಾಳಿಗೆಗೆ ಇಳಿದು ಬಂದು, ಒಣಗುತ್ತಿದ್ದ ಅಕ್ಷರಗಳನ್ನು ನೋಡುತ್ತ ನಿಂತ.

"ಚಾಂಡ್ರಾ, ಶುಕ್ರವಾರ ನೀನು ಹಿಡಿ."

"ನಾನು?"

"ನೀನೇ ಬರೆದದ್ದು, ಎಲ್ಲಿ ಏನಿದೆ ಅಂತ ನಿನಗೆ ಗೊತ್ತು. ಅವನು ಇನ್ನು ಬರುವುದಿಲ್ಲ, ಫ್ಲೋರಿಡಾಕ್ಕೆ ಹೋಗುತ್ತಾನಂತೆ. ಸರಿಯಾಗಿ ಹಿಡಿದರೆ ಕೆಲಸ ನಿನ್ನದೇ. ಖಾಯಂ. ಸೋಮವಾರ ಕಾಗದ ಮಾಡಿಸುತ್ತೇನೆ."

ಎರಡು ವರ್ಷವೂ ಅವನು ದಿನಗೂಲಿಯ ಆಳು. ಖಾಯಂ ಎಂಬ ಮಾತನ್ನು ಆ ಕಟ್ಟಡದಲ್ಲಿ ಅವನಿಗೆ ಯಾರೂ ಅಂದಿರಲಿಲ್ಲ. ರಾತ್ರಿ ಹೇಳಿದಾಗ ರಜನಿ ಹಿಟ್ಟಿನ ಕೈಯನ್ನು ಪರಾತದಲ್ಲೇ ಬಿಟ್ಟು ಕೂತಳು.

"ಅಂದ್ರ ಮ್ಯಾಲ ಕೆಲಸ. ಬೆಳಕಿನಾಗ."

"ಬೆಳಕೇನ ನನ್ನ ಮ್ಯಾಲ ಬೀಳೂದಿಲ್ಲ ಬಿಡು. ಕ್ಯಾಮೆರಾದ ಬಾಜೂಕ ನಿಲ್ಲೂದು."

"ಸೈಡ್‌ವಿಂಗಿನಾಗಿಂದ ಅಷ್ಟರ ಹೊರಗ ಬಂದ್ರಲ್ಲ," ಎಂದು ರಜನಿ ರೊಟ್ಟಿ ಬಡಿಯತೊಡಗಿದಳು.

ಆ ವಾರದ ಅತಿಥಿ ಹ್ಯಾಲ್ ಡನ್ಮೋರ್. ಮೂವತ್ತು ವರ್ಷ ಸಿನಿಮಾದಲ್ಲಿ ಕುದುರೆಯ ಮೇಲೆ ಕೂತಿದ್ದವನು. ಈಗ ಅರವತ್ತೊಂಬತ್ತು. ಎತ್ತರದ ಆಳು, ನಡೆಯುವಾಗ ಎಡ ಮೊಣಕಾಲನ್ನು ಕೇಳಿ ಕೇಳಿ ಹೆಜ್ಜೆ ಇಡುವಂತಿತ್ತು. ಗುರುವಾರದ ಅಭ್ಯಾಸ ಮುಗಿದ ಮೇಲೆ ಎಲ್ಲರೂ ಊಟಕ್ಕೆ ಹೋದರೂ ಅವನು ಹೋಗದೆ ರಟ್ಟುಗಳ ಹತ್ತಿರ ಬಂದ.

"ಅಕ್ಷರ ಇನ್ನೊಂದು ಬೆರಳು ದೊಡ್ಡದು ಮಾಡುತ್ತೀಯಾ? ಕನ್ನಡಕ ಹಾಕಿಕೊಂಡು ಬಾ ಅನ್ನುತ್ತಾರೆ. ಹಾಕುವುದಿಲ್ಲ."

"ಮಾಡುತ್ತೇನೆ, ಸರ್."

"ಮಾತು ನನಗೆ ಬರುತ್ತದೆ. ಎಲ್ಲವೂ. ನೋಡು ಬೇಕಾದರೆ," ಎಂದು ಡನ್ಮೋರ್ ಎರಡು ಪ್ರಸಂಗಗಳ ಮಾತನ್ನು ಗೋಡೆ ನೋಡುತ್ತ ಒಪ್ಪಿಸಿದ. ಒಂದಕ್ಷರ ತಪ್ಪಲಿಲ್ಲ. "ಆದರೂ ಎದುರಿಗಿರಲಿ. ನಾಳೆ ರಾತ್ರಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಇದನ್ನೇ ನೋಡುತ್ತ ಕೂತಿರುತ್ತಾರೆ. ಒಂದು ಸಿನಿಮಾ. ಮುದಿ ಜಡ್ಜ್ ಪಾತ್ರ, ಪುಟಗಟ್ಟಲೆ ಮಾತು. ನನ್ನ ತಲೆಯಲ್ಲಿ ಮಾತು ನಿಲ್ಲುತ್ತದೋ ಇಲ್ಲವೋ ಅಂತ ಅವರಿಗೆ ಅನುಮಾನ."

ಚಂದ್ರಶೇಖರಪ್ಪ ತಲೆಯಾಡಿಸಿದ. ಇಂಥ ನಟರನ್ನು ಅವನು ಬಲ್ಲ. ಮಾತು ತಪ್ಪುವ ಮೊದಲು ಅವರ ಉಸಿರು ತಪ್ಪುತ್ತದೆ. ಈ ಮನುಷ್ಯನ ಉಸಿರು ಸರಿಯಾಗಿತ್ತು.

"ಒಂದು ನಿಯಮ," ಎಂದ ಡನ್ಮೋರ್. "ನೀನು ತೋರಿಸಿದ್ದನ್ನು ನಾನು ಹೇಳುತ್ತೇನೆ. ನನ್ನ ತಲೆಯಲ್ಲಿ ಬೇರೆ ಇದ್ದರೂ ಸರಿ. ಕೊನೆಯ ಗಳಿಗೆಯಲ್ಲಿ ಮಾತು ಬದಲಾಗಿರುತ್ತದೆ, ನಿನಗೆ ಗೊತ್ತಿರುತ್ತದೆ, ನನಗೆ ಇರುವುದಿಲ್ಲ."

ಅವನು ಮೇಲಿನ ರಟ್ಟನ್ನು ಬೆರಳಿನಿಂದ ತಟ್ಟಿದ. ಅದು ಎರಡನೆಯ ಪ್ರಸಂಗದ್ದು. ರೈತನೊಬ್ಬ ಬಕೆಟ್ಟಿನಲ್ಲಿ ನೀರು ಹೊತ್ತು, ದೊಡ್ಡ ಅಂಗಡಿಯ ಸಾಮಾನು ವಾಪಸು ಕೊಡುವ ಕೌಂಟರಿಗೆ ಬರುತ್ತಾನೆ. ಕೌಂಟರಿನ ಹೆಂಗಸು ಏನು ತೊಂದರೆ ಎಂದು ಕೇಳುತ್ತಾಳೆ. 'ನಾನು ಕೇಳಿದ್ದು ಮಂಗಳವಾರದ ಮಳೆ. ಇದು ಗುರುವಾರ ಬಂತು.'

"ಇದು ನಿನಗೆ ನಗು ಬರಿಸುತ್ತದಾ?"

ಚಂದ್ರಶೇಖರಪ್ಪ ಯೋಚಿಸಿ, "ಇಲ್ಲ, ಸರ್," ಎಂದ. ತೆನೆ ಬಲಿತು ನಿಂತ ಜೋಳದ ಮೇಲೆ ಎರಡೇ ದಿನ ತಡವಾಗಿ ಮಳೆ ಬಿದ್ದು, ಕಾಳೆಲ್ಲ ಕಾಡಿಗೆಯ ಹಾಗಾದ ವರ್ಷ ಅಪ್ಪ ಹೊಲದ ಬದುವಿನ ಮೇಲೆ ಕೂತದ್ದನ್ನು ಹೇಳಬೇಕೆನಿಸಿತು. ಅಷ್ಟು ಇಂಗ್ಲಿಷ್ ಇರಲಿಲ್ಲ. "ನನ್ನ ಅಪ್ಪ. ಜೋಳ. ಕಪ್ಪಾಯಿತು," ಎಂದ.

"ನನ್ನ ಅಪ್ಪನದು ಹುಲ್ಲು," ಎಂದ ಡನ್ಮೋರ್. "ನೆಬ್ರಾಸ್ಕಾ. ಕೊಯ್ದು ಒಣಗಲು ಹಾಕಿದ ಮಾರನೆಯ ದಿನ. ಪ್ರತಿ ವರ್ಷ. ಆದರೆ ಇವರು ನಗುತ್ತಾರೆ ನೋಡು."

ಜನ ನಕ್ಕರು.

ಶುಕ್ರವಾರ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮೊದಲ ಪ್ರಸಂಗ ಕೂದಲೆಳೆ ತಪ್ಪದೆ ಸಾಗಿತ್ತು. ಚಂದ್ರಶೇಖರಪ್ಪ ಕ್ಯಾಮೆರಾ ಸರಿದಂತೆ ಸರಿದು, ಅದು ನಿಂತಲ್ಲಿ ನಿಂತು, ರಟ್ಟುಗಳನ್ನು ಒಂದೊಂದಾಗಿ ಕಂಬಳಿಗೆ ಬಿಡುತ್ತಿದ್ದ. ಕೆಸ್ಲರ್ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿಯೂ ಆಗಿತ್ತು. ಈಗ ಡನ್ಮೋರ್ ರೈತನ ವೇಷದಲ್ಲಿ, ಬಕೆಟ್ಟು ತುಳುಕದ ಹಾಗೆ ಹೆಜ್ಜೆ ಇಡುತ್ತ ಬಂದ. ಆ ನಡಿಗೆಗೇ ಜನ ನಗಲು ಶುರುಮಾಡಿದ್ದರು. ಅವನು ಬಕೆಟ್ಟನ್ನು ಕೌಂಟರಿನ ಮೇಲಿಟ್ಟ. ಟೋಪಿ ತೆಗೆದ. ಹೇಳಿದ.

ನಗು ಮೊದಲು ಮುಂದಿನ ಸಾಲುಗಳಿಂದ ಎದ್ದು ಹಿಂದಕ್ಕೆ ಹೋಯಿತು. ಹಿಂದಿನಿಂದ ಚಪ್ಪಾಳೆಯಾಗಿ ತಿರುಗಿ ಬಂತು. ಇಳಿಯಿತು ಎನ್ನುವಷ್ಟರಲ್ಲಿ ಮೇಲಿನ ಗ್ಯಾಲರಿಯಿಂದ ಯಾರೋ ಉದ್ದಕ್ಕೆ ಸೀಟಿ ಹೊಡೆದರು. ಇನ್ನೊಬ್ಬರು ಹೊಡೆದರು. ಕಾಲು ನೆಲಕ್ಕೆ ಬಡಿಯುವ ಸದ್ದೂ ಕೂಡಿತು.

ಚಂದ್ರಶೇಖರಪ್ಪನ ಕೈ ಆ ರಟ್ಟನ್ನು ಅರ್ಧ ಎಳೆದಿತ್ತು. ಹನ್ನೊಂದು ವರ್ಷ ಆ ಕೈಗೆ ಒಂದು ಪಾಠವಾಗಿತ್ತು. ಜನ ಒನ್ಸ್ ಮೋರ್ ಎಂದು ಸೀಟಿ ಹೊಡೆದರೆ, ಕಾಲು ಬಡಿದರೆ, ಪುಟ ಹಿಂದಕ್ಕೆ ತಿರುವಬೇಕು. ಹಾರ್ಮೋನಿಯಂ ಮಾಸ್ತರು ಅವನ ಬೆರಳನ್ನೇ ನೋಡುತ್ತಿರುತ್ತಿದ್ದರು. ಬೆರಳು ಹಿಂದಕ್ಕೆ ಹೋದರೆ ಹಾಡು ಮತ್ತೆ ಪಲ್ಲವಿಯಿಂದ. ಯುದ್ಧದಲ್ಲಿ ಸತ್ತು ಬಿದ್ದ ರಾಜಕುಮಾರ ಎದ್ದು ಕೂತು, ಹಾಡಿ, ಮತ್ತೆ ಸತ್ತದ್ದನ್ನು ರಾಣೇಬೆನ್ನೂರಿನ ಜನ ಮೂರು ಸಲ ನೋಡಿದ್ದರು. ಈಗಲೂ ಕೈ ತನ್ನಷ್ಟಕ್ಕೆ ತಾನು ರಟ್ಟನ್ನು ಕೆಳಗೆ ಬಿಡಲಿಲ್ಲ. ಮೇಲಕ್ಕೆ ಒತ್ತಿ, ನೆಟ್ಟಗೆ ನಿಲ್ಲಿಸಿತು.

ಡನ್ಮೋರನ ಕಣ್ಣು ರಟ್ಟಿಗೆ ಬಂತು. ಅಲ್ಲಿಂದ ಅದರ ಮೇಲಂಚು ದಾಟಿ ಚಂದ್ರಶೇಖರಪ್ಪನ ಮುಖಕ್ಕೆ ಬಂತು. ಕೌಂಟರಿನ ಹೆಂಗಸು ತನ್ನ ಮಾತಿಗೆ ಬಾಯಿ ತೆರೆದಿದ್ದಳು. ಡನ್ಮೋರ್ ಮೊದಲಿಗಿಂತ ನಿಧಾನವಾಗಿ ಹೇಳಿದ.

"ನಾನು ಕೇಳಿದ್ದು ಮಂಗಳವಾರದ ಮಳೆ. ಇದು ಗುರುವಾರ ಬಂತು."

ಎರಡನೆಯ ಸಲ ಯಾರೂ ನಗಲಿಲ್ಲ. ಯಾರೋ ನಗಲು ಹೊರಟು ಕೆಮ್ಮಿಗೆ ತಿರುಗಿಸಿದರು. ಅಷ್ಟು ದೊಡ್ಡ ಸ್ಟುಡಿಯೋದಲ್ಲಿ ಬಕೆಟ್ಟಿನ ನೀರು ಅಲ್ಲಾಡುವುದು ಕೇಳಿಸಿತು. ಕೌಂಟರಿನ ಹೆಂಗಸು ಗಂಟಲು ಸರಿಮಾಡಿಕೊಂಡು ತನ್ನ ಮಾತು ಹೇಳಿದಳು, ಆದರೆ ಪ್ರಸಂಗದ ಕಾಲು ಉಳುಕಿತ್ತು. ಕೊನೆಯವರೆಗೂ ಕುಂಟುತ್ತಲೇ ಹೋಯಿತು. ನಲವತ್ತು ಸೆಕೆಂಡು ಹೆಚ್ಚಾಯಿತೆಂದು ಕೊನೆಯ ಹಾಡಿನ ಒಂದು ಚರಣ ಕತ್ತರಿಸಿದರು.

ಒಂದು ಗಂಟೆಗೆ ದೀಪಗಳು ಆರಿದ ಮೇಲೆ ಕೆಸ್ಲರ್ ನೇರ ಅವನತ್ತ ಬಂದ.

"ಏನದು?"

ಚಂದ್ರಶೇಖರಪ್ಪ ಮೊದಲ ಶಬ್ದ ಹುಡುಕುತ್ತಿದ್ದ. ತಪ್ಪು ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಶಬ್ದಗಳಿದ್ದವು, ಯಾವುದನ್ನು ಎತ್ತುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಡನ್ಮೋರ್ ಹೇಳಿದ.

"ನಾನು ಕೈಸನ್ನೆ ಮಾಡಿದೆ, ವಾಲ್ಟರ್. ಎಲ್ಲಿದ್ದೇನೆ ಅಂತ ಮರೆತುಹೋಯಿತು. ಅವನು ತೋರಿಸಿದ. ಅಷ್ಟೇ."

ಕೆಸ್ಲರನ ಮುಖ ಸಡಿಲವಾಯಿತು. "ಪರವಾಗಿಲ್ಲ, ಹ್ಯಾಲ್. ಯಾರಿಗಾದರೂ ಆಗುತ್ತದೆ," ಎಂದ. ಕಾಯಿಲೆಯವರ ಮನೆಯಲ್ಲಿ ಮಾತಾಡುವ ದನಿ ಅದು. ಆಮೇಲೆ ತಿರುಗಿ, "ನೀನು ಚೆನ್ನಾಗಿ ಹಿಡಿದೆ. ಸೋಮವಾರ ಬಂದು ಕಾಗದಕ್ಕೆ ಸೈನ್ ಹಾಕು," ಎಂದ.

ಡನ್ಮೋರ್ ಹೋಗುತ್ತ ಚಂದ್ರಶೇಖರಪ್ಪನ ಹೆಗಲ ಮೇಲೆ ಒಂದು ಸಲ ಕೈ ಇಟ್ಟು ತೆಗೆದ, ಗಾಡಿಗೆ ಹೂಡುವ ಮೊದಲು ಎತ್ತಿನ ಮೇಲೆ ಇಡುವ ಹಾಗೆ. ಆಮೇಲೆ ಮೊಣಕಾಲನ್ನು ಕೇಳುತ್ತ ಮೆಟ್ಟಿಲಿಳಿದ.

ಶನಿವಾರ ಮಧ್ಯಾಹ್ನ ಎಡಿಸನ್ನಿನಿಂದ ದಿವಾಕರ ಮತ್ತು ಅವನ ಹೆಂಡತಿ ಪದ್ಮಜಾ ಬಂದರು. ದಿವಾಕರ ಮೈಸೂರಿನ ಇಂಜಿನಿಯರು. ಜ್ಯಾಕ್ಸನ್ ಹೈಟ್ಸಿನ ಇಂಡಿಯನ್ ಅಂಗಡಿಗೆ ಹೋದಾಗಲೆಲ್ಲ ರಜನಿಗೂ ಒಂದು ಚೀಲ ತೊಗರಿಬೇಳೆ ತರುವುದು, ಕೊಡುವ ನೆವದಲ್ಲಿ ಊಟ ಮಾಡಿ ಹೋಗುವುದು ಅವರ ರೂಢಿ.

"ನೋಡಿದ್ವಿ ಕಣ್ರೀ ನಿಮ್ಮ ಶೋನ," ಎಂದ ದಿವಾಕರ ಕೋಟು ಬಿಚ್ಚುತ್ತ. "ಎಚ್ಚರ ಇದ್ದು ನೋಡಿದ್ವಿ. ನಿಮ್ಮ ಕೈನಾದ್ರೂ ಕಾಣಿಸುತ್ತೇನೋ ಅಂತ."

"ಕಾಣಿಸಿದ್ರ ನಾ ಕೆಲಸ ಕಳಕೊಂಡೆ ಅಂತ ಅರ್ಥ," ಎಂದ ಚಂದ್ರಶೇಖರಪ್ಪ.

"ಇವ್ರಿಗೆ ಖಾಯಂ ಆಗೇತಿ," ಎಂದಳು ರಜನಿ. ನಿನ್ನೆ ಆದದ್ದನ್ನು ಅವನು ಇನ್ನೂ ಅವಳಿಗೆ ಹೇಳಿರಲಿಲ್ಲ.

"ಹೌದಾ? ಕಂಗ್ರ್ಯಾಜುಲೇಷನ್ಸ್. ಇನ್ಮೇಲೆ ರಜನಿ ಸಿಸ್ಟರ್‌ನ ಚಂದ್ರಶೇಖರಪ್ಪನವರ ಹೆಂಡ್ತಿ ಅಂತ ಇಂಟ್ರೊಡ್ಯೂಸ್ ಮಾಡ್ಬೇಕಾಗುತ್ತೆ."

"ಮಾಡ್ರಿ. ಆವಾಗ ನಿಮಗ ರೊಟ್ಟಿ ಅವ್ರ ಬಡದು ಹಾಕ್ತಾರ," ಎಂದಳು ರಜನಿ.

ಪದ್ಮಜಾ ನಕ್ಕು, ಚಟ್ನಿಪುಡಿಗೆ ಎಣ್ಣೆ ಕಲಸುತ್ತ, "ಆದ್ರೂ ಪಾಪ ಆ ಡನ್ಮೋರ್. ಹೇಳಿದ್ದೇ ಮತ್ತೆ ಹೇಳಿದ್ರು ನೋಡಿ. ನಮ್ಮ ಮಾವನವರದ್ದೂ ಹಿಂಗೇ ಶುರುವಾಗಿದ್ದು. ಒಂದೇ ಮಾತು ಎರಡೆರಡು ಸಲ," ಎಂದಳು.

"ಬೆಳಿಗ್ಗೆ ರೇಡಿಯೋದಲ್ಲೂ ಹೇಳಿದ್ರು," ಎಂದ ದಿವಾಕರ. "ಎರಡೇ ಲೈನು. ಇಂಥೋರನ್ನ ಇನ್ನು ಮನೇಲಿ ರೆಸ್ಟ್ ತಗೊಳ್ಳೋಕೆ ಬಿಡ್ಬೇಕು ಅಂತ. ವಯಸ್ಸಾದ್ಮೇಲೆ ಮರ್ಯಾದೆಯಾಗಿ ಸರಿಬೇಕಪ್ಪ."

ಚಂದ್ರಶೇಖರಪ್ಪ ರೊಟ್ಟಿಯನ್ನು ಮುರಿದ. ಮುರಿದದ್ದನ್ನು ಮತ್ತೆ ಮುರಿದ. ಊಟ ಮುಗಿಯುವವರೆಗೆ ಅವನ ತಾಟಿನಲ್ಲಿ ಸಣ್ಣ ಸಣ್ಣ ಚೂರುಗಳ ಒಂದು ಗುಡ್ಡೆಯಾಗಿತ್ತು.

ಅವರು ಹೋದ ಮೇಲೆ ರಜನಿ ಆ ತಾಟು ಎತ್ತುತ್ತ ಅವನನ್ನು ನೋಡಿದಳು. ಅವನು ಎಲ್ಲವನ್ನೂ ಹೇಳಿದ. ಸೀಟಿ, ಕೈ, ಡನ್ಮೋರನ ಸುಳ್ಳು, ಕ್ಯಾಲಿಫೋರ್ನಿಯಾದ ಸಿನಿಮಾ.

"ಅವ್ರು ಯಾಕ ತಮ್ಮ ಮ್ಯಾಲ ಹಾಕ್ಕೊಂಡ್ರು?"

"ಗೊತ್ತಿಲ್ಲ."

"ನೀವು ಯಾಕ ಸುಮ್ಮನಿದ್ರಿ?"

"ಮಾತು ಹುಡುಕೂದ್ರಾಗ ಮುಗದಿತ್ತು."

"ಆಮ್ಯಾಲ ಸಿಕ್ತಲ್ಲ ಮಾತು."

ಅವನು ಕಿಟಕಿಯಾಚೆ ನೋಡಿದ. ರೈಲೊಂದು ನ್ಯೂವಾರ್ಕಿನ ಕಡೆ ಹೋಯಿತು. ಕಂಪನಿಯಲ್ಲಿ ಎತ್ತಿಕೊಡುವವನು ಪುಟ ತಪ್ಪಿಸಿದರೂ ಬೈಗುಳ ನಟನಿಗೇ. ಯಾಕೆಂದರೆ ಜನರಿಗೆ ಕಾಣುವವನು ಅವನು. ಆ ಹನ್ನೊಂದು ವರ್ಷದಲ್ಲಿ ಎರಡು ಸಲವೋ ಮೂರು ಸಲವೋ ಹಾಗಾಗಿತ್ತು. ಅವನೂ ಸುಮ್ಮನಿದ್ದ, ನಟರೂ ಸುಮ್ಮನಿದ್ದರು. ಅದು ಕಸುಬಿನ ರೀತಿ ಎಂದುಕೊಂಡಿದ್ದ.

"ನಮ್ಮ ವಾರ್ಡಿನಾಗ ಯಾವ ಔಷಧ ತಪ್ಪಿದ್ರೂ ಚಾರ್ಟಿನ ಮ್ಯಾಲ ನಾನ ಬರೀಬೇಕು. ನನ್ನ ಹೆಸರು, ನನ್ನ ಸೈ," ಎಂದಳು ರಜನಿ. "ನೀವು ಹೇಳ್ರಿ ಅಂತ ನಾ ಅನ್ನೂದಿಲ್ಲ. ಎರಡು ವರ್ಷ ಆ ನೆಲಮಾಳಿಗ್ಯಾಗ ಕುಂತಿದ್ದು ನೀವು. ಕೆಲಸ ನಿಮ್ದು."

"ಹೇಳಿದ್ರ ಹೋಗ್ತೈತಿ."

"ಹೋಗ್ತೈತಿ," ಎಂದು ಒಪ್ಪಿಕೊಂಡಳು. ರಾತ್ರಿಪಾಳಿಗೆ ಅವಳ ಬಿಳಿ ಬೂಟುಗಳಿಗೆ ಪಾಲಿಶ್ ಬಳಿಯಬೇಕಿತ್ತು. ಅವನು ತಾನೇ ತೆಗೆದುಕೊಂಡು ಬಳಿಯುತ್ತ ಕೂತ.

ಸೋಮವಾರ ಕೆಸ್ಲರನ ಮೇಜಿನ ಮೇಲೆ ಮೂರು ಪ್ರತಿ ಕಾಗದ ಸಿದ್ಧವಾಗಿತ್ತು. ಹೆಸರನ್ನು ಪೂರ್ತಿಯಾಗಿ, ಒಂದಕ್ಷರ ತಪ್ಪದೆ ಟೈಪು ಮಾಡಿಸಿದ್ದ. ಚಂದ್ರಶೇಖರಪ್ಪ ಅದನ್ನು ಓದಿದ. ಪೆನ್ನು ತೆಗೆದುಕೊಳ್ಳಲಿಲ್ಲ. ರೈಲಿನಲ್ಲಿ ಬರುವಾಗ ಕೂಡಿಸಿಟ್ಟುಕೊಂಡಿದ್ದ ವಾಕ್ಯವನ್ನು ಹೇಳಿದ.

"ಡನ್ಮೋರ್ ಮರೆಯಲಿಲ್ಲ. ಕೈಸನ್ನೆ ಮಾಡಲಿಲ್ಲ. ಎರಡನೆಯ ಸಲ ತೋರಿಸಿದ್ದು ನಾನು."

ಕೆಸ್ಲರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಯಾಕೆ?"

"ನಮ್ಮ ನಾಟಕದಲ್ಲಿ, ಜನ ಸೀಟಿ ಹೊಡೆದರೆ, ಇನ್ನೊಮ್ಮೆ."

"ಇನ್ನೊಮ್ಮೆ ಏನು?"

"ಅದೇ. ಮೊದಲಿಂದ. ಸತ್ತವನೂ ಏಳಬೇಕು, ಹಾಡಬೇಕು."

"ಸತ್ತವನು."

"ಹಾಡಿ, ಮತ್ತೆ ಸಾಯುತ್ತಾನೆ."

ಕೆಸ್ಲರ್ ಪೆನ್ನಿಗೆ ಮುಚ್ಚಳ ಹಾಕಿದ. "ಇದನ್ನು ಮೇಲಿನ ಮಹಡಿಯಲ್ಲಿ ಬರೆಯುವವರ ಹತ್ತಿರ ಹೇಳಬೇಡ. ಶುಕ್ರವಾರಕ್ಕೆ ಪ್ರಸಂಗ ಮಾಡಿಬಿಡುತ್ತಾರೆ," ಎಂದ. ನಗಲಿಲ್ಲ. "ಆ ಮನುಷ್ಯ ನಿನಗೋಸ್ಕರ ಹೇಳಿದ. ನಾನು ನಂಬಿದ್ದೆ. ಹಾಗೇ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಗೊತ್ತಲ್ಲ?"

"ಗೊತ್ತು. ಕ್ಯಾಲಿಫೋರ್ನಿಯಾದ ಸಿನಿಮಾದವರು. ಅವರೂ ನಂಬಿದ್ದಾರೆ."

ಕೆಸ್ಲರ್ ಫೋನೆತ್ತಿ ಡನ್ಮೋರನ ವ್ಯವಹಾರ ನೋಡಿಕೊಳ್ಳುವವನಿಗೆ ಡಯಲ್ ಮಾಡಿದ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬೆಳಗಿನ ಎಂಟು. ಚಂದ್ರಶೇಖರಪ್ಪ ನಿಂತೇ ಇದ್ದ. ತಪ್ಪು ನಮ್ಮ ಕಡೆಯದು, ರಟ್ಟು ಹಿಡಿದವನದು, ಹ್ಯಾಲ್ ತೋರಿಸಿದ್ದನ್ನು ಓದಿದ, ಬೇಕಾದರೆ ಬರೆದು ಕಳಿಸುತ್ತೇನೆ ಎಂದು ಕೆಸ್ಲರ್ ಹೇಳಿದ. ಆ ಕಡೆಯವನು ಏನೋ ಕೇಳಿದ. "ಇಲ್ಲ, ಅವನೇ ಬಂದು ಹೇಳಿದ," ಎಂದ ಕೆಸ್ಲರ್. ಆಮೇಲೆ ಸುಮ್ಮನೆ ಕೇಳಿಸಿಕೊಂಡು ಫೋನಿಟ್ಟ.

"ಸಿನಿಮಾದವರಿಗೆ ತಿಳಿಸುತ್ತಾನಂತೆ. ಅವರು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು."

"ಥ್ಯಾಂಕ್ಸ್."

"ಆದರೆ ನಿನ್ನನ್ನು ಇನ್ನು ಮೇಲೆ ಕ್ಯಾಮೆರಾದ ಪಕ್ಕ ನಿಲ್ಲಿಸಲಾರೆ, ಚಾಂಡ್ರಾ. ನಿನ್ನ ಕೈ ಯಾರ ಮಾತು ಕೇಳುತ್ತದೆ ಅಂತ ನನಗೆ ಗೊತ್ತಾಗುವುದಿಲ್ಲ." ಅವನು ಮೂರು ಪ್ರತಿಗಳನ್ನೂ ಒಟ್ಟಿಗೆ ಹಿಡಿದು ಎರಡಾಗಿ ಮಡಚಿ ಡ್ರಾಯರಿಗೆ ಹಾಕಿದ. ಹರಿಯಲಿಲ್ಲ. "ಬರೆಯುವ ಕೆಲಸ ಇದ್ದೇ ಇದೆ. ಮೊದಲಿನ ಹಾಗೆ."

ನೆಲಮಾಳಿಗೆಯಲ್ಲಿ ಹೋದ ವಾರದ ರಟ್ಟುಗಳು ಗೋಡೆಗೆ ಒರಗಿ ನಿಂತಿದ್ದವು. ಒಂದು ಬದಿ ಬರೆದದ್ದನ್ನು ಅವರು ಎಸೆಯುತ್ತಿರಲಿಲ್ಲ. ತಿರುವಿ ಹಾಕಿ ಇನ್ನೊಂದು ಬದಿಗೆ ಮುಂದಿನ ವಾರದ್ದನ್ನು ಬರೆಯುವುದು ಅಲ್ಲಿಯ ಪದ್ಧತಿ. ಈ ವಾರದ ಅತಿಥಿ ಒಬ್ಬ ಹಾಡುಗಾರ್ತಿ. ಮೊದಲ ಹಾಳೆಗಳು ಆಗಲೇ ಮೇಜಿನ ಮೇಲೆ ಬಂದಿದ್ದವು. ಚಂದ್ರಶೇಖರಪ್ಪ ಕುಂಚ ತೊಳೆದ, ಕಪ್ಪು ಕಲಸಿದ, ಕಟ್ಟಿನಿಂದ ಮೇಲಿನದನ್ನು ಎತ್ತಿಕೊಂಡ. ಮಂಗಳವಾರದ ಮಳೆಯೇ ಬಂತು. ಒಂದು ಬೆರಳು ದೊಡ್ಡ ಅಕ್ಷರ. ಕೆಳ ಅಂಚಿನಲ್ಲಿ ಅವನ ಹೆಬ್ಬೆರಳು ಒತ್ತಿದ್ದ ಗುರುತು ಬೆವರಿಗೆ ಮಸುಕಾಗಿ ಉಳಿದಿತ್ತು.

ಅದನ್ನು ಮಗುಚಿ ಹಾಕಿ, ಸೀಸದಕಡ್ಡಿಯಿಂದ ಗೆರೆ ಎಳೆದು, ಹಾಡುಗಾರ್ತಿಯ ಮೊದಲ ಮಾತು ಬರೆಯತೊಡಗಿದ. ಅವಳ ಕಣ್ಣು ಹೇಗಿದೆಯೋ ಗೊತ್ತಿರಲಿಲ್ಲ. ಅಕ್ಷರವನ್ನು ಒಂದು ಬೆರಳು ದೊಡ್ಡದಾಗಿಯೇ ಇಟ್ಟ.